ಬೆಟ್ಟ ಜಾರುವುದು ಮಲೆನಾಡಿನವರ ಸಂಕಟ ಮಾತ್ರವೇ? ನಂದಿ, ತೇರಹಳ್ಳಿ, ದೇವರಾಯನದುರ್ಗದ ಕಡೆಯವರು ತಿಳಿಸಬೇಕು

ನಂದಿ ತಪ್ಪಲಿನವ (ಚಿಕ್ಕಬಳ್ಳಾಪುರ)

ಎಲ್ಲರಿಗೂ ನಮಸ್ಕಾರ. 2021ರ ಆಗಸ್ಟ್ ಕೊನೆಯ ವಾರದಲ್ಲಿ, ಮಘೆ ಮಳೆ ಹೊಡೆಯುತ್ತಿದ್ದಾಗ, ನಂದಿ ಗಿರಿಧಾಮಕ್ಕೆ ಹೋಗುವ ರಸ್ತೆಯ ಮೇಲೆ ಬೆಟ್ಟದ ಒಂದು ಪಕ್ಕೆ ಮಣ್ಣು, ಮರ, ಬಂಡೆಗಳ ಸಮೇತ ಜಾರಿ ಬಂದದ್ದು ನಿಮಗೆ ನೆನಪಿರಬಹುದು. ಅದು ಹೆಚ್ಚಾಗಿ ಪ್ರವಾಸಿಗರ ಸುದ್ದಿಯಾಗಿಯೇ ಉಳಿಯಿತು. ಗಿರಿಧಾಮ ಎಂದು ತೆರೆಯುತ್ತದೆ, ವಾರಾಂತ್ಯಕ್ಕೆ ಬಿಡುತ್ತಾರೋ ಇಲ್ಲವೋ ಎಂಬುದೇ ಎಲ್ಲರ ಪ್ರಶ್ನೆಯಾಗಿತ್ತು. ಡಿಸೆಂಬರ್ ಹೊತ್ತಿಗೆ ರಸ್ತೆ ಸರಿಹೋಯಿತು, ಜನ ಮತ್ತೆ ಬಂದರು, ಮಾತು ಅಲ್ಲಿಗೆ ನಿಂತಿತು.

ನಮ್ಮ ಹಿಪ್ಪುನೇರಳೆ ತೋಟ ಇರುವುದು ಬೆಟ್ಟದ ಇನ್ನೊಂದು ಮಗ್ಗುಲಿನಲ್ಲಿ. ಅದೇ ವರ್ಷದ ನವೆಂಬರ್ ಮಳೆಯಲ್ಲಿ, ವರ್ಷದ ಹನ್ನೊಂದು ತಿಂಗಳು ಒಣಗಿಯೇ ಇರುತ್ತಿದ್ದ ನಮ್ಮ ಹಳ್ಳ ದಿಕ್ಕು ಬದಲಿಸಿ ತೋಟಕ್ಕೆ ನುಗ್ಗಿತು. ಬೆಳಿಗ್ಗೆ ಹೋಗಿ ನೋಡಿದರೆ ಗಿಡಗಳ ಸಾಲಿನ ನಡುವೆ ಮೊಣಕಾಲುದ್ದ ಗರಸು ತುಂಬಿತ್ತು. ಎಮ್ಮೆ ಗಾತ್ರದ ಒಂದು ಗುಂಡುಕಲ್ಲು ಬದುವಿನ ಮೇಲೆ ಬಂದು ಕುಳಿತಿತ್ತು. ಮನೆಯಲ್ಲಿ ರೇಷ್ಮೆ ಹುಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದು ಹಗಲಿರುಳು ಸೊಪ್ಪು ತಿನ್ನುವ ಹೊತ್ತು. ಕೆಸರು ಮೆತ್ತಿದ ಸೊಪ್ಪನ್ನು ಹಾಕುವಂತಿರಲಿಲ್ಲ, ಬೇರೆ ಕಡೆಯಿಂದ ತರೋಣವೆಂದರೆ ದಾರಿ ಕಿತ್ತುಹೋಗಿತ್ತು. ಥಂಡಿಗೆ ಸುಣ್ಣಕಟ್ಟು ರೋಗ ಬಂದು ಅರ್ಧಕ್ಕಿಂತ ಹೆಚ್ಚು ಹುಳು ಹೋಯಿತು. ಆ ಗುಂಡನ್ನು ಸರಿಸಲು ಆಗದೆ ಹಾಗೆಯೇ ಬಿಟ್ಟಿದ್ದೇವೆ, ಈಗ ಅದಕ್ಕೆ ಹುಳು ಗೂಡು ಕಟ್ಟುವ ಚಂದ್ರಿಕೆಗಳನ್ನು ಒರಗಿಸಿ ಒಣಗಿಸುತ್ತೇವೆ.

ನನ್ನ ಪ್ರಶ್ನೆ ಇಷ್ಟೆ. ಮಳೆಗಾಲ ಬಂದೊಡನೆ ಕೊಡಗು, ಉತ್ತರ ಕನ್ನಡ, ವಯನಾಡುಗಳ ಸುದ್ದಿ ನೋಡಿ ಮರುಗುವ ನಾವು, ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಈ ನಮ್ಮ ಮೂರು ಜಿಲ್ಲೆಗಳ ಬೆಟ್ಟದ ಬುಡದಲ್ಲಿ ಮತ್ತು ಬೆಟ್ಟದ ಮೇಲೆ ಇರುವ ಊರುಗಳಿಗೆ ಏನು ಸಿದ್ಧತೆ ಮಾಡಿಕೊಂಡಿದ್ದೇವೆ? ಮೃಗಶಿರ ಮಳೆ ಶುರುವಾಗಿದೆ. ತಿಳಿದವರು ಬರೆಯಬೇಕು.

ಮಧುಗಿರಿ ಮೇಷ್ಟ್ರು (ತುಮಕೂರು ಜಿಲ್ಲೆ)

ತಮ್ಮ ನಷ್ಟದ ಬಗ್ಗೆ ನನಗೆ ಸಹಾನುಭೂತಿಯಿದೆ. ಆದರೆ ಇದನ್ನು ಮಲೆನಾಡಿನ ದುರಂತಗಳ ಪಕ್ಕದಲ್ಲಿ ಇಡುವುದು ಅತಿಯಾಯಿತು ಎಂದು ಹೇಳಲೇಬೇಕಾಗಿದೆ. ನಮಗೆ ಇಡೀ ವರ್ಷಕ್ಕೆ ಬೀಳುವುದು 700 ಮಿಲಿಮೀಟರಿನ ಆಸುಪಾಸು ಮಳೆ. ಭಾಗಮಂಡಲದಲ್ಲಿ ಜುಲೈ ತಿಂಗಳ ಹದಿನೈದು ದಿನಗಳಲ್ಲಿ ಅಷ್ಟು ಬಿದ್ದುಬಿಡುತ್ತದೆ. ನಮ್ಮದು ಏಕಶಿಲೆಯ ಬೆಟ್ಟ, ಕೋಟೆ ಕಟ್ಟಿದವರು ನಂಬಿ ಕಟ್ಟಿದ ಕಲ್ಲು. ಜಾರಲು ಅದರ ಮೇಲೆ ಮಣ್ಣೆಲ್ಲಿದೆ? ನಮ್ಮ ಹೋಬಳಿಗಳ ನಿಜವಾದ ಸಂಕಟ ಬರ, ಸಾವಿರ ಅಡಿಗೆ ಇಳಿದ ಕೊಳವೆಬಾವಿ, ಪಾವಗಡದ ಕಡೆಯ ಫ್ಲೋರೈಡ್ ನೀರು. ಇರುವ ಅಲ್ಪಸ್ವಲ್ಪ ಅನುದಾನವನ್ನೂ ಇಲ್ಲದ ಭಯಕ್ಕೆ ಖರ್ಚು ಮಾಡಬೇಕೇ ಎಂಬುದು ನನ್ನ ಸಂದೇಹ.

ಮಡಿಕೇರಿ ತವರು (ತುಮಕೂರು)

ಮೇಷ್ಟ್ರೇ, ನಾನು ಮದುವೆಯಾಗಿ ತುಮಕೂರಿಗೆ ಬಂದವಳು, ತವರು ಮಡಿಕೇರಿಯ ಹತ್ತಿರ. 2018ರ ಆಗಸ್ಟ್‌ಗೆ ಮುಂಚೆ ನಮ್ಮವರೂ ನಿಮ್ಮಂತೆಯೇ ಮಾತನಾಡುತ್ತಿದ್ದರು. "ಇಲ್ಲಿ ಎಂಥ ಮಳೆ ಕಂಡಿಲ್ಲ, ಬರೆ ಸ್ವಲ್ಪ ಜರಿಯುತ್ತದೆ, ಮಣ್ಣು ತೆಗೆದರೆ ಆಯಿತು" ಎನ್ನುತ್ತಿದ್ದರು. ರಸ್ತೆಗೋ ಮನೆಗೋ ಗುಡ್ಡ ಕಡಿದಾಗ ಉಳಿಯುವ ಕಡಿದಾದ ಮೈಗೆ ನಾವು ಬರೆ ಎನ್ನುತ್ತೇವೆ. ಶಿವಮೊಗ್ಗ, ಚಿಕ್ಕಮಗಳೂರಿನವರು ಧರೆ ಎನ್ನುತ್ತಾರೆ. ಇಲ್ಲಿಗೆ ಬಂದು ಇಷ್ಟು ವರ್ಷವಾದರೂ ನಿಮ್ಮಲ್ಲಿ ಅದಕ್ಕೊಂದು ಪದವನ್ನು ನಾನು ಕೇಳಿಲ್ಲ. ಪದ ಇಲ್ಲದಿದ್ದರೂ ವಸ್ತು ಇದೆ. ದೇವರಾಯನದುರ್ಗದ ದಾರಿಯಲ್ಲಿ ಹೋಗುವಾಗ ಕಿಟಕಿಯಿಂದ ನನ್ನ ಕಣ್ಣು ಮೊದಲು ಹೋಗುವುದು ಅದರ ಮೇಲೆಯೇ.

ಆ ವರ್ಷ ಜೋಡುಪಾಲ, ಮದೆನಾಡು, ಮಕ್ಕಂದೂರು, ಕಾಲೂರು ಮೊದಲಾದ ಕಡೆ ಗುಡ್ಡಗಳು ಒಂದರ ಹಿಂದೆ ಒಂದು ಜಾರಿದವು. ಜಿಲ್ಲೆಯಲ್ಲಿ ಇಪ್ಪತ್ತರಷ್ಟು ಜನ ತೀರಿಕೊಂಡರು, ಸಾವಿರಾರು ಜನ ಪರಿಹಾರ ಕೇಂದ್ರ ಸೇರಿದರು. ಆ ಎರಡು ಮೂರು ದಿನಗಳ ಮಳೆಯೊಂದೇ ಕಾರಣವಾಗಿರಲಿಲ್ಲ. ಜೂನ್‌ನಿಂದ ಬಿಡದೆ ಬಿದ್ದ ಮಳೆಗೆ ಮಣ್ಣು ತೊಯ್ದು ಭಾರವಾಗಿತ್ತು, ಇನ್ನೊಂದು ಹನಿ ಹಿಡಿಯಲೂ ಅದರಲ್ಲಿ ಜಾಗವಿರಲಿಲ್ಲ. ಅದರ ಮೇಲೆ ಆಗಸ್ಟ್ ಮಳೆ ಬಂತು. ಮನೆಗೆ, ತಂಗುದಾಣಕ್ಕೆ, ರಸ್ತೆಗೆ ಎಂದು ಬುಡ ಕಡಿದಿದ್ದ ಗುಡ್ಡಗಳಿಗೆ ನಿಲ್ಲಲು ಕಾಲಿರಲಿಲ್ಲ.

ನನ್ನ ಚಿಕ್ಕಮ್ಮನ ಮನೆಯ ಹಿಂದೆ ಒಂದು ತೊರೆಯಿತ್ತು. ಮನೆಯವರೆಲ್ಲ ಅದರ ಸದ್ದಿಗೆ ಎಷ್ಟು ಒಗ್ಗಿದ್ದರೆಂದರೆ ಅದು ಕಿವಿಗೆ ಬೀಳುತ್ತಲೇ ಇರಲಿಲ್ಲ. ಆ ದಿನ ಮಧ್ಯಾಹ್ನ ಮಳೆ ಜೋರಾಗಿದ್ದರೂ ತೊರೆಯ ಸದ್ದು ನಿಂತಿತು. ಚಿಕ್ಕಮ್ಮ ಒಲೆಯ ಮುಂದಿದ್ದವರು ಅದನ್ನು ಗಮನಿಸಿ, ಅನ್ನ ಇಳಿಸುವುದನ್ನೂ ಬಿಟ್ಟು ಎಲ್ಲರನ್ನೂ ಎಬ್ಬಿಸಿಕೊಂಡು ಎದುರು ದಿಬ್ಬಕ್ಕೆ ಹೋದರು. ಮೇಲೆಲ್ಲೋ ಮಣ್ಣು ಜಾರಿ ತೊರೆಗೆ ಅಡ್ಡ ಕಟ್ಟೆಯಾಗಿತ್ತು. ಅದು ಒಡೆದು ಕೆಸರು, ಮರ, ಕಾಫಿ ಗಿಡಗಳೊಂದಿಗೆ ಬಂದಾಗ ಮನೆಯ ಹಿಂಭಾಗ ಉಳಿಯಲಿಲ್ಲ, ಜನ ಉಳಿದರು. ತೊರೆ ಏಕಾಏಕಿ ನಿಂತರೆ, ತಿಳಿ ಒರತೆ ಕದಡಿದರೆ, ನೆಲದಲ್ಲಿ ಗುಡ್ಡಕ್ಕೆ ಅಡ್ಡವಾಗಿ ಬಿರುಕು ಕಂಡರೆ, ನೆಟ್ಟಗಿದ್ದ ಮರ ಇಲ್ಲವೇ ಕಂಬ ವಾಲಿದರೆ, ನಿನ್ನೆ ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಇವತ್ತು ಬಿಗಿದುಕೊಂಡರೆ, ಯಾರ ಅಪ್ಪಣೆಗೂ ಕಾಯದೆ ಹೊರಡಬೇಕು.

ಕೆರೆ ಕೋಡಿ (ಕೋಲಾರ)

ನಾನು ಸಣ್ಣ ನೀರಾವರಿಯ ಕೆಲಸದಲ್ಲಿ ಮೂವತ್ತು ವರ್ಷ ಕಳೆದು ನಿವೃತ್ತನಾದವನು. ಮೇಷ್ಟ್ರ ಸಂದೇಹ ಸಹಜವಾದದ್ದು, ಆದರೆ ಅದರಲ್ಲಿ ಎರಡು ತಪ್ಪುಗಳಿವೆ.

ಮೊದಲನೆಯದು ಕಲ್ಲಿನ ಮಾತು. ರಾಮನಗರದಿಂದ ಮಧುಗಿರಿ, ಪಾವಗಡದತ್ತ ಉತ್ತರಕ್ಕೆ ಹಬ್ಬಿರುವ ಕಲ್ಲಿಗೆ, ರಾಮನಗರದ ಹಳೆಯ ಹೆಸರಿನಿಂದ, ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಗಟ್ಟಿ ನಿಜ, ಆದರೆ ಅದರ ಮೈತುಂಬ ಅಡ್ಡ ಉದ್ದ ಸೀಳುಗಳಿವೆ. ನೀರು ಆ ಸೀಳುಗಳಲ್ಲಿ ಇಳಿದು ಮೂಲೆಗಳನ್ನು ಕೊರೆಯುತ್ತ ಬರುತ್ತದೆ, ಅಂಚಿನ ಕಲ್ಲು ಪುಡಿಯಾಗಿ ಗರಸಾಗುತ್ತದೆ, ನಡುವಿನ ಗಟ್ಟಿ ಭಾಗ ದುಂಡಗೆ ಉಳಿಯುತ್ತದೆ. ನಾವು ಬೆಟ್ಟದ ಮೇಲೆ ನೋಡುವ ಗುಂಡುಗಳೆಲ್ಲ ಹೀಗೆ ಹುಟ್ಟಿದವು. ಅವು ಕುಳಿತಿರುವುದು ಬಂಡೆಯ ಮೇಲೆ ಎಂದು ಕಣ್ಣಿಗೆ ಕಂಡರೂ ಅನೇಕ ಕಡೆ ಅವುಗಳ ಆಸನ ಈ ಗರಸೇ. ನಮ್ಮ ಮಳೆ ವರ್ಷದ ಲೆಕ್ಕದಲ್ಲಿ ಕಡಿಮೆಯಾದರೂ ಬಂದಾಗ ಒಂದೆರಡು ಗಂಟೆಯಲ್ಲಿ ಸುರಿದು ಹೋಗುವ ಮಳೆ. ಗರಸನ್ನು ತೊಳೆಯಲು ಅಂಥದ್ದೇ ಬೇಕು. ಕೊಡಗಿನಲ್ಲಿ ಆದಂತೆ ಅರ್ಧ ಗುಡ್ಡ ಹರಿದು ಬರುವುದು ನಮ್ಮಲ್ಲಿ ಅಪರೂಪವಿರಬಹುದು, ಆದರೆ ಒಂದು ಗುಂಡು ಉರುಳಿದರೆ ಕೆಳಗಿನ ಮನೆಗೆ ಅಷ್ಟೇ ಸಾಕು. ಬೆಟ್ಟದ ಬುಡದಲ್ಲಿ ಕ್ವಾರಿ ಸಿಡಿತ ಇದ್ದಲ್ಲಿ ಆ ಗುಂಡುಗಳ ಆಸನ ಇನ್ನಷ್ಟು ಸಡಿಲವಾಗುತ್ತದೆ.

ಎರಡನೆಯ ತಪ್ಪು, ಬರ ಬೇರೆ, ಪ್ರವಾಹ ಬೇರೆ ಎಂದುಕೊಂಡಿರುವುದು. ನಮ್ಮಲ್ಲಿ ಇವೆರಡೂ ಒಂದೇ ಕಾಲುವೆಯಲ್ಲಿ ಬರುತ್ತವೆ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಚಿತ್ರಾವತಿ, ಅರ್ಕಾವತಿ ಇವೆಲ್ಲವೂ ನಂದಿಯ ಆಸುಪಾಸಿನ ಬೆಟ್ಟಗಳಲ್ಲಿ ಹುಟ್ಟುವ ನದಿಗಳು. ದೇವರಾಯನದುರ್ಗದಲ್ಲಿ ಜಯಮಂಗಲಿ, ಶಿಂಷಾ ಹುಟ್ಟುತ್ತವೆ. ಅಂದರೆ ನಮ್ಮ ಊರುಗಳು ನದಿಯ ನೆತ್ತಿಯ ಮೇಲಿವೆ. ನೆತ್ತಿಯಲ್ಲಿ ನದಿಯೆಂದರೆ ಒಣ ಹಳ್ಳ. ಹತ್ತು ವರ್ಷ ನೀರು ಕಾಣದ ಹಳ್ಳವನ್ನು ಜನ ಹಳ್ಳವೆಂದು ಒಪ್ಪುವುದಿಲ್ಲ. ಮೊದಲು ಅದರಲ್ಲಿ ದನ ಕಟ್ಟುತ್ತಾರೆ, ಆಮೇಲೆ ಮೇವಿನ ಬಣವೆ ಹಾಕುತ್ತಾರೆ, ಆಮೇಲೆ ಸೈಟು ಮಾಡುತ್ತಾರೆ. ಬರಗಾಲವೇ ಹಳ್ಳವನ್ನು ಮರೆಸುವುದು, ಮರೆತ ಹಳ್ಳವೇ ಮುಂದೆ ಪ್ರವಾಹವಾಗುವುದು.

ಕೋಲಾರ ಜಿಲ್ಲೆಯೊಂದರಲ್ಲಿಯೇ ಎರಡು ಸಾವಿರಕ್ಕೂ ಹೆಚ್ಚು ಕೆರೆಗಳಿವೆ. ಬೆಟ್ಟದ ಬುಡದಿಂದ ತಗ್ಗಿನವರೆಗೆ ಮೇಲಿನ ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ ಇಳಿಯುವಂತೆ ಹಿರಿಯರು ಸರಪಳಿ ಕಟ್ಟಿದ್ದರು. ಮೇಲಿನದೊಂದು ಏರಿ ಒಡೆದರೆ ಕೆಳಗಿನವು ಒಂದೊಂದಾಗಿ ಒಡೆಯುವ ಅಪಾಯವೂ ಆ ಸರಪಳಿಯಲ್ಲೇ ಇದೆ. ಇನ್ನೊಂದು ಸೂಕ್ಷ್ಮವನ್ನು ಯಾರೂ ಮಾತನಾಡುವುದಿಲ್ಲ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿದ ನೀರು ನಮ್ಮ ಕೆರೆಗಳಿಗೆ ಬರುತ್ತಿದೆ. ಅಂತರ್ಜಲಕ್ಕೆ ಅದರಿಂದ ಆಗಿರುವ ಲಾಭವನ್ನು ನಾನು ಅಲ್ಲಗಳೆಯುವುದಿಲ್ಲ, ನೀರಿನ ಗುಣದ ಚರ್ಚೆ ಬೇರೆಯೇ ಇದೆ. ಆದರೆ ಮೊದಲು ಮುಂಗಾರಿಗೆ ಬರಿದಾಗಿ ಕಾಯುತ್ತಿದ್ದ ಕೆರೆ, ಈಗ ಮಳೆಗೆ ಮುಂಚೆಯೇ ಮುಕ್ಕಾಲು ತುಂಬಿ ಕುಳಿತಿರುತ್ತದೆ. ಬೆಟ್ಟದಿಂದ ಇಳಿಯುವ ದೊಡ್ಡ ನೀರಿಗೆ ಅದರಲ್ಲಿ ಜಾಗವಿಲ್ಲ, ನೇರವಾಗಿ ಕೋಡಿಗೇ ಹೋಗಬೇಕು. ಕೋಡಿಯ ಸ್ಥಿತಿ ಹೇಗಿದೆ? ಅಚ್ಚುಕಟ್ಟಿನವರು ಇನ್ನೊಂದಡಿ ನೀರು ನಿಲ್ಲಲಿ ಎಂದು ಕೋಡಿಗೆ ಮರಳುಮೂಟೆ ಜೋಡಿಸುತ್ತಾರೆ, ಕೆರೆಯಂಗಳ ಒತ್ತುವರಿ ಮಾಡಿದವರು ತಮ್ಮ ಟೊಮೆಟೊ ಮುಳುಗದಿರಲಿ ಎಂದು ರಾತ್ರಿ ಬಂದು ಕೋಡಿ ಒಡೆಯುತ್ತಾರೆ. ಹಿಂದೆ ಇವರಿಬ್ಬರ ನಡುವೆ ನೀರಗಂಟಿ ನಿಂತಿರುತ್ತಿದ್ದ. ತೂಬು ಎಷ್ಟು ಎತ್ತಬೇಕು, ಏರಿಯ ಯಾವ ಜಾಗದಲ್ಲಿ ಜಿನುಗುತ್ತಿದೆ ಎಂಬುದು ಅವನ ಕಾಲಿಗೇ ತಿಳಿಯುತ್ತಿತ್ತು. ಆ ಕೆಲಸವನ್ನು ನಾವು ತೆಗೆದುಹಾಕಿದೆವು, ಅದರ ಜಾಗಕ್ಕೆ ಯಾರನ್ನೂ ಇಡಲಿಲ್ಲ.

2021ರ ನವೆಂಬರ್‌ನಲ್ಲಿ ನಮ್ಮ ಜಿಲ್ಲೆಗಳ ಕೆರೆಗಳು ಸಾಲುಸಾಲಾಗಿ ಕೋಡಿ ಬಿದ್ದವು, ಕೊಯ್ದ ರಾಗಿ ಹೊಲದಲ್ಲೇ ಮೊಳೆಯಿತು. ನೆರೆಯ ಆಂಧ್ರದ ಕಡಪ ಜಿಲ್ಲೆಯಲ್ಲಿ ನವೆಂಬರ್ 19ರಂದು ಚೆಯ್ಯೇರು ನದಿಯ ಅನ್ನಮಯ್ಯ ಅಣೆಕಟ್ಟೆಯೇ ಒಡೆದು ಊರುಗಳು ಕೊಚ್ಚಿಹೋದವು. ಅದೇ ಮಳೆಗಾಲದಲ್ಲಿ ತಿರುಮಲೆಯ ಘಾಟಿ ರಸ್ತೆಯ ಮೇಲೂ ಬಂಡೆಗಳು ಉರುಳಿದವು. ಅದೂ ಒಣ ಸೀಮೆಯ ಬೆಟ್ಟವೇ ಮೇಷ್ಟ್ರೇ.

ತೇರಹಳ್ಳಿ ದಾರಿ (ಕೋಲಾರ)

ಅಂತರಗಂಗೆಯ ಮೇಲೆ, ಶತಶೃಂಗ ಬೆಟ್ಟದಲ್ಲಿ ನಮ್ಮ ಊರುಗಳಿವೆ ಎಂಬುದೇ ಕೆಳಗಿನ ಅನೇಕರಿಗೆ ತಿಳಿಯದು. ಭಾನುವಾರ ಬೆಟ್ಟ ಹತ್ತುವವರು ನಮ್ಮನ್ನು ನೋಡಿ ಆಶ್ಚರ್ಯಪಡುತ್ತಾರೆ. ಮಳೆ ಜೋರಾದಾಗ ದಾರಿಗೆ ಒಂದು ಗುಂಡು ಬಿದ್ದರೆ ಸಾಕು, ಡೇರಿಗೆ ಹೋಗಬೇಕಾದ ಹಾಲು ಕ್ಯಾನಿನಲ್ಲೇ ಉಳಿಯುತ್ತದೆ. ಹೆರಿಗೆಗೆ ಹೋಗಬೇಕಾದವಳನ್ನು ತಿರುವಿನವರೆಗೆ ಮಂಚದ ಮೇಲೆ ಹೊತ್ತು, ಆಚೆ ಕಡೆ ಆಂಬುಲೆನ್ಸ್ ಕಾಯಿಸಬೇಕಾಗುತ್ತದೆ. ದುರಂತ ಎಂದು ಯಾವ ಪತ್ರಿಕೆಯೂ ಬರೆಯದ ತೊಂದರೆಗಳಿವು. ಹೆಚ್ಚೇನೂ ಹೇಳುವುದಿಲ್ಲ, ದಾರಿಯ ಒಳಬದಿಯ ಚರಂಡಿಯನ್ನು ಮಳೆಗೆ ಮುಂಚೆ ಒಮ್ಮೆ ಬಿಡಿಸಿಕೊಟ್ಟರೆ ನಮಗೆ ಅರ್ಧ ನೆಮ್ಮದಿ.

ಕಾಯಕ ಬಂಧು (ತುಮಕೂರು ತಾಲ್ಲೂಕು)

ಕೆರೆ ಕೋಡಿ ಸರ್ ಅವರಲ್ಲಿ ಒಂದು ವಿನಂತಿ. ನಾವು ನರೇಗಾದಲ್ಲಿ ಬೆಟ್ಟದ ಇಳಿಜಾರಿನಲ್ಲಿ ಕಂದಕ, ಇಂಗುಗುಂಡಿ ತೆಗೆಯುತ್ತ ಬಂದಿದ್ದೇವೆ. ನಮ್ಮ ಗುಂಪಿನ ಹೆಂಗಸರು ಅದರಿಂದ ಕೂಲಿಯನ್ನೂ ಕಂಡಿದ್ದಾರೆ, ಕೆಳಗಿನ ಬಾವಿಯಲ್ಲಿ ನೀರನ್ನೂ ಕಂಡಿದ್ದಾರೆ. ಈಗ ಮಣ್ಣಿಗೆ ನೀರು ಕುಡಿಸಿದರೆ ಗುಡ್ಡ ಜಾರುತ್ತದೆ ಎಂದು ಓದುತ್ತಿದ್ದರೆ ಗಾಬರಿಯಾಗುತ್ತಿದೆ. ನಾವು ಮಾಡಿದ್ದು ತಪ್ಪೇ?

ಕೆರೆ ಕೋಡಿ (ಕೋಲಾರ)

ತಪ್ಪಲ್ಲ ತಾಯಿ, ಜಾಗ ನೋಡಿ ಮಾಡಬೇಕಾದ ಕೆಲಸ ಅಷ್ಟೆ. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟ ಕುಸಿದು ಅರ್ಚಕರ ಕುಟುಂಬವೇ ಮಣ್ಣುಪಾಲಾದಾಗ, ಬೆಟ್ಟದ ಮೇಲೆ ತೆಗೆದಿದ್ದ ಇಂಗುಗುಂಡಿಗಳೇ ಕಾರಣವೇ ಎಂಬ ಚರ್ಚೆ ಕೊಡಗಿನಲ್ಲಿ ಬಹಳ ನಡೆಯಿತು. ಇಳಿಜಾರು ಸಣ್ಣದಿದ್ದು ಕೆಳಗೆ ಮನೆಗಳಿಲ್ಲದ ಕಡೆ ಕಂದಕ ಒಳ್ಳೆಯದೇ, ಬಯಲುಸೀಮೆಗೆ ಅದು ಬೇಕೇ ಬೇಕು. ಕಡಿದಾದ ಮೈಯಲ್ಲಿ, ಅದರಲ್ಲೂ ಗರಸಿನ ಕೆಳಗೆ ನಯವಾದ ಬಂಡೆ ಇರುವಲ್ಲಿ, ಗುಂಡಿಗೆ ಇಳಿದ ನೀರು ಬಂಡೆಯನ್ನು ಮುಟ್ಟಿ ಮುಂದೆ ಹೋಗಲಾರದೆ ಅಲ್ಲೇ ಹರಡುತ್ತದೆ. ಮೇಲಿನ ಮಣ್ಣು ಎಣ್ಣೆ ಸವರಿದ ಹಲಗೆಯ ಮೇಲೆ ಕುಳಿತಂತಾಗುತ್ತದೆ. ಅಂಥ ಕಡೆ ನೀರನ್ನು ಇಂಗಿಸುವ ಬದಲು ಹೊರಗೆ ಕಳಿಸಬೇಕು. ನೆತ್ತಿಯಲ್ಲಿ ಒಂದು ಕಾಲುವೆ ತೆಗೆದು ಮಳೆನೀರನ್ನು ಪಕ್ಕದ ಹಳ್ಳಕ್ಕೆ ತಿರುಗಿಸುವುದು, ಅದು ಕೊರೆಯದಂತೆ ಕಲ್ಲು ಹಾಸುವುದು, ಇಳಿಜಾರಿಗೆ ಲಾವಂಚದ ಹುಲ್ಲನ್ನು ಅಡ್ಡಸಾಲಿನಲ್ಲಿ ಒತ್ತಾಗಿ ನೆಡುವುದು. ಲಾವಂಚದ ಬೇರು ಆಳಕ್ಕೆ ನೇರವಾಗಿ ಇಳಿದು ಮಣ್ಣನ್ನು ಹೊಲಿಗೆ ಹಾಕಿದಂತೆ ಹಿಡಿಯುತ್ತದೆ, ದನ ಅದರ ಬಲಿತ ಗರಿಯನ್ನು ಅಷ್ಟಾಗಿ ಮುಟ್ಟುವುದಿಲ್ಲ. ನಿಮ್ಮ ಗುಂಪಿಗೆ ಕೂಲಿ ಇದರಲ್ಲಿಯೂ ಇದೆ, ಕ್ರಿಯಾಯೋಜನೆಯಲ್ಲಿ ಸೇರಿಸಲು ಗ್ರಾಮಸಭೆಯಲ್ಲಿ ಕೇಳಿ.

ತಡೆಗೋಡೆಯ ಬಗ್ಗೆಯೂ ಒಂದು ಮಾತು. ಜನ ಗೋಡೆ ಎಂದರೆ ದಪ್ಪ ನೋಡುತ್ತಾರೆ, ನಾನು ತೂತು ನೋಡುತ್ತೇನೆ. ಗೋಡೆಯ ಹಿಂದೆ ಜಲ್ಲಿ ತುಂಬಿಸಿ, ನೀರು ಸೋರಲು ಅಲ್ಲಲ್ಲಿ ಪೈಪು ಬಿಡದಿದ್ದರೆ, ಮಣ್ಣಿನ ಭಾರಕ್ಕಿಂತ ನೀರಿನ ಒತ್ತಡವೇ ಅದನ್ನು ಕೆಡವುತ್ತದೆ. ಪೈಪು ಬಿಟ್ಟ ಕಡೆಯೂ ಬಣ್ಣ ಹೊಡೆಯುವಾಗ ಅಂದ ಕೆಡುತ್ತದೆಂದು ಸಿಮೆಂಟು ಮೆತ್ತಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮಡಿಕೇರಿ ತವರು (ತುಮಕೂರು)

ಸರ್ ಹೇಳಿದ ಕಾಮಗಾರಿಗಳ ಜೊತೆಗೆ ಮುನ್ಸೂಚನೆಯ ಮಾತೂ ಬರಬೇಕು. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರುಗಳು ಕೊಚ್ಚಿಹೋಗಿ 250ಕ್ಕೂ ಹೆಚ್ಚು ಜನ ಸತ್ತರು. ಅದಕ್ಕೆ ಮುಂಚಿನ ಎರಡು ದಿನಗಳಲ್ಲಿ ಅಲ್ಲಿ 570 ಮಿಲಿಮೀಟರಿಗೂ ಹೆಚ್ಚು ಮಳೆ ಬಿದ್ದಿತ್ತು. ಪಕ್ಕದ ಪುತ್ತುಮಲ 2019ರಲ್ಲಿಯೇ ಜಾರಿತ್ತು. ಅಲ್ಲಿನ ಹ್ಯೂಮ್ ಸೆಂಟರ್ ಎಂಬ ಸಂಸ್ಥೆ ಊರವರ ಕೈಯಲ್ಲಿಯೇ ಮಳೆಮಾಪಕ ಇಟ್ಟು ದಿನದ ಲೆಕ್ಕ ಪಡೆಯುವ ವ್ಯವಸ್ಥೆ ಮಾಡಿಕೊಂಡಿದೆ. ಅಳತೆ ಇದ್ದೂ ಜನ ಸತ್ತರು ಎನ್ನುವುದು ನೋವಿನ ಮಾತು. ಅಳತೆ ಎಷ್ಟಕ್ಕೆ ಮುಟ್ಟಿದರೆ ಯಾರು ಯಾರ ಬಾಗಿಲು ತಟ್ಟಬೇಕು ಎಂಬುದು ಮೊದಲೇ ನಿಶ್ಚಯವಾಗಿರಬೇಕು.

ಅದೇ ತಿಂಗಳ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಗೆಂದು ಕಡಿದಿದ್ದ ಗುಡ್ಡ ಕುಸಿದಾಗ, ಮಣ್ಣು ಗಂಗಾವಳಿ ನದಿಗೆ ಬಿದ್ದ ರಭಸಕ್ಕೆ ನೀರೆದ್ದು ಆಚೆ ದಡದ ಉಳುವರೆಯ ಮನೆಗಳ ಮೇಲೆ ಬಡಿಯಿತು. ಗುಡ್ಡ ಈ ಕಡೆಯದು, ಸತ್ತವರಲ್ಲಿ ಒಬ್ಬಾಕೆ ಆ ಕಡೆಯವಳು. ಬೆಟ್ಟದ ಕೆಳಗೇ ಕೆರೆ ಇರುವ ಊರುಗಳು ನಿಮ್ಮಲ್ಲಿಯೂ ಇವೆ, ಯೋಚಿಸಿ ನೋಡಿ.

ಇನ್ನು ಸ್ಥಳಾಂತರ. ಕೊಡಗಿನ ನಮ್ಮವರಿಗೆ ಸರ್ಕಾರ ಕಟ್ಟಿಕೊಟ್ಟ ಮನೆಗಳು ಚೆನ್ನಾಗಿಯೇ ಇವೆ. ಆದರೆ ತೋಟ ಉಳಿದದ್ದು ಹಳೆಯ ಊರಿನಲ್ಲಿ. ಗಂಡಸರು ಮಳೆಗಾಲದಲ್ಲಿಯೂ ಅಲ್ಲಿಗೇ ಹೋಗಿ ಮಲಗುತ್ತಾರೆ, ಏಕೆಂದರೆ ಮೆಣಸು, ಕಾಫಿಯನ್ನು ಹೊಸ ಮನೆಯ ಸೂರಿನಡಿ ಬೆಳೆಯಲಾಗುವುದಿಲ್ಲ.

ನಂದಿ ತಪ್ಪಲಿನವ (ಚಿಕ್ಕಬಳ್ಳಾಪುರ)

ಅಕ್ಕ, ಸರ್, ಎಲ್ಲರಿಗೂ ಧನ್ಯವಾದ. ಸರ್ ಹೇಳಿದ ಮರೆತ ಹಳ್ಳದ ಮಾತು ಓದಿದ ಮೇಲೆ ಸುಮ್ಮನಿರಲಾಗಲಿಲ್ಲ. ನಮ್ಮೂರಿನಲ್ಲಿ ಹಿಂದೆ ನೀರಗಂಟಿ ಕೆಲಸ ಮಾಡಿದ್ದ ಅಜ್ಜನೊಬ್ಬರಿದ್ದಾರೆ. ನಿನ್ನೆ ಅವರನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋಗಿ ಹಳ್ಳದ ಜಾಡು ತೋರಿಸಿ ಎಂದೆ. ಅವರು ಕೋಲೂರಿಕೊಂಡು ಮುಂದೆ ನಡೆದರು, ನಾನು ಹಿಂದೆ. ರಸ್ತೆಯ ಬಳಿ ನಿಂತು, "ಇಲ್ಲೊಂದು ಕಲ್ಲಿನ ಮೋರಿ ಇತ್ತಪ್ಪಾ, ಇಬ್ಬರು ಬಗ್ಗಿ ಹೋಗಬಹುದಿತ್ತು" ಎಂದರು. ಈಗ ಅಲ್ಲಿರುವುದು ಒಂದೇ ಸಿಮೆಂಟು ಪೈಪು, ಅದರೊಳಗೆ ನನ್ನ ತಲೆ ಮಾತ್ರ ಹಿಡಿಯುತ್ತದೆ. ಅರ್ಧಕ್ಕೆ ಪ್ಲಾಸ್ಟಿಕ್ ಬಾಟಲಿ, ಇನ್ನರ್ಧಕ್ಕೆ ಹೂಳು. ರಸ್ತೆ ಅಗಲ ಮಾಡಿದ ಗುತ್ತಿಗೆದಾರರು ಯಾವಾಗಲೋ ಬದಲಿಸಿ ಹೋಗಿದ್ದಾರೆ, ನಾವು ಯಾರೂ ನೋಡಲಿಲ್ಲ. ನನ್ನ ತೋಟಕ್ಕೆ ಹಳ್ಳ ತಾನಾಗಿ ನುಗ್ಗಿದ್ದಲ್ಲ, ಹೋಗಲು ದಾರಿಯಿಲ್ಲದೆ ಬಂದದ್ದು.

ಮೋರಿ ದೊಡ್ಡದು ಮಾಡಿಕೊಡಲು ಪಂಚಾಯಿತಿಗೆ ಅರ್ಜಿ ಬರೆದಿದ್ದೇವೆ. ಅದು ಆಗುವವರೆಗೆ ಕಾಯದೆ ಈ ಭಾನುವಾರ ಹೂಳು ತೆಗೆಯುತ್ತೇವೆ. ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕದ ಲೆಕ್ಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಲ್ಲಿ ಇರುತ್ತದೆಂದು ತಿಳಿಯಿತು. 1988ರಲ್ಲಿ ಬರದ ಉಸ್ತುವಾರಿಗೆಂದೇ ಆರಂಭವಾದ ಸಂಸ್ಥೆಯಂತೆ ಅದು. ಬೆಟ್ಟದ ಮೇಲಿನ ಮಳೆಗೂ ತಪ್ಪಲಿನ ಮಳೆಗೂ ಅಜಗಜಾಂತರವಿರುವುದರಿಂದ ಮೇಲೆ ಗೊತ್ತಿರುವ ಒಬ್ಬರ ಮನೆಯಲ್ಲಿ ನಾವೇ ಒಂದು ಮಾಪಕ ಇಡುತ್ತಿದ್ದೇವೆ.

ಕಾಯಕ ಬಂಧು (ತುಮಕೂರು ತಾಲ್ಲೂಕು)

ಒಂದು ಮಾತು ಸೇರಿಸುತ್ತೇನೆ. ನಮ್ಮ ಕಡೆ ಮಳೆಗಾಲದಲ್ಲಿ ಹೆಚ್ಚು ಭಯ ಹುಟ್ಟಿಸುವುದು ಹಳೆಯ ಮಣ್ಣುಗೋಡೆಯ ಮೇಲೆ ಕಲ್ಲುಚಪ್ಪಡಿ ಹೊದಿಸಿದ ಮನೆಗಳು. ನಾಲ್ಕು ದಿನ ಸೋನೆ ಹಿಡಿದರೆ ಗೋಡೆಯ ಬುಡ ಅಂಬಲಿಯಂತಾಗುತ್ತದೆ, ಮೇಲಿನ ಚಪ್ಪಡಿ ಮಲಗಿದವರ ಮೇಲೆ ಬರುತ್ತದೆ. ಬೆಟ್ಟದ ಬುಡದಲ್ಲಿ ನೀರು ಜಿನುಗುವ ಕಡೆ ಇಂಥ ಮನೆಗಳೇ ಜಾಸ್ತಿ, ಮತ್ತು ಅವುಗಳಲ್ಲಿ ಇರುವವರು ಹೆಚ್ಚಾಗಿ ಒಂಟಿ ವೃದ್ಧರು. ಆ ಮನೆಗಳ ಪಟ್ಟಿಯನ್ನು ಮೊದಲು ಮಾಡಿ, ಮಳೆ ಹಿಡಿದ ದಿನಗಳಲ್ಲಿ ಅವರನ್ನು ಸಮುದಾಯ ಭವನದಲ್ಲೋ ಶಾಲೆಯಲ್ಲೋ ಮಲಗಿಸಬೇಕು.

ಮಧುಗಿರಿ ಮೇಷ್ಟ್ರು (ತುಮಕೂರು ಜಿಲ್ಲೆ)

ಶಾಲೆಯ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ಕೆರೆ ಕೋಡಿ ಸರ್ ಗುಂಡುಗಳ ಆಸನದ ಬಗ್ಗೆ ಬರೆದದ್ದನ್ನು ಓದಿ ಇವತ್ತು ಶಾಲೆಯ ಹಿಂದಿನ ದಿಬ್ಬ ಹತ್ತಿದೆ. ಅಲ್ಲಿ ಎರಡು ಬಂಡೆಗಳಿವೆ, ಹಿಂದಿನದು ಬೆಟ್ಟಕ್ಕೆ ಅಂಟಿದ್ದು, ಮುಂದಿನದು ಬಿಡಿ ಗುಂಡು. ನಾನು ಈ ಶಾಲೆಗೆ ವರ್ಗವಾಗಿ ಬಂದ ವರ್ಷ ಅವೆರಡರ ನಡುವೆ ಮಕ್ಕಳು ಚೆಂಡು ಸಿಕ್ಕಿಸಿಕೊಂಡು, ಕೈ ಹೋಗದೆ ಕೋಲು ಹಾಕಿ ತೆಗೆದದ್ದು ನನಗೆ ಚೆನ್ನಾಗಿ ನೆನಪಿದೆ. ಇವತ್ತು ನನ್ನ ಕೈ ಸಲೀಸಾಗಿ ಹೋಯಿತು. ಅಳೆದೆ. ಮೇಲ್ತುದಿಯಲ್ಲಿ ಸಂದು ಒಂದು ಗೇಣು ನಾಲ್ಕು ಬೆರಳು, ಕೆಳಗೆ ಒಂದು ಗೇಣಿಗೂ ಕಡಿಮೆ. ಗುಂಡಿನ ಮುಂಬದಿಯ ಬುಡದಲ್ಲಿ ಗರಸು ತೊಳೆದುಹೋಗಿ ಒಂದು ಪೊಟರೆಯಾಗಿದೆ. ಮೇಲೆ ಹೆಚ್ಚು, ಕೆಳಗೆ ಕಡಿಮೆ ಎಂದರೆ ಏನರ್ಥ ಸರ್?

ಕೆರೆ ಕೋಡಿ (ಕೋಲಾರ)

ಗುಂಡು ಮುಂದಕ್ಕೆ ವಾಲುತ್ತಿರಬಹುದು ಎಂದರ್ಥ ಮೇಷ್ಟ್ರೇ. ಸಂದಿನ ಎರಡೂ ಬದಿಗೆ ಬಣ್ಣದ ಗುರುತು ಹಾಕಿ, ಸ್ಕೇಲು ಹಿಡಿದು ಫೋಟೊ ತೆಗೆಯಿರಿ, ದಿನಾಂಕ ಬರೆದಿಡಿ, ಪ್ರತಿ ಮಳೆಯ ಮರುದಿನ ಅಳೆಯಿರಿ. ಆ ಫೋಟೊ ಸಮೇತ ತಹಶೀಲ್ದಾರರಿಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಒಂದು ಪ್ರತಿ ಜಿಲ್ಲಾಧಿಕಾರಿಗಳಿಗೆ ಹೋಗಲಿ, ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರು ಅವರೇ. ಪೊಟರೆಗೆ ಮಣ್ಣು ತುಂಬಲು ನೀವಾಗಿ ಯಾರನ್ನೂ ಅದರ ಕೆಳಗೆ ಕಳಿಸಬೇಡಿ. ದಿಬ್ಬದ ಕಡೆಯ ಕೊಠಡಿಯಲ್ಲಿ ನಾಳೆಯಿಂದ ಮಕ್ಕಳನ್ನು ಕೂರಿಸಬೇಡಿ, ಆದೇಶ ಬರಲೆಂದು ಕಾಯಬೇಡಿ.

ಮಧುಗಿರಿ ಮೇಷ್ಟ್ರು (ತುಮಕೂರು ಜಿಲ್ಲೆ)

ಎರಡನೇ ತರಗತಿಯ ಕೊಠಡಿ ಅದು. ಬೆಂಚುಗಳನ್ನು ಈಗಷ್ಟೇ ಮುಂದಿನ ಜಗಲಿಗೆ ಹಾಕಿಸಿದೆ.